ವಚನವಿಚಾರ: ಹೊನವಾಡದ ಶಾಸನದಿಂದ ಇಂಗ್ಲಿಷ್ ವಾಕ್ಯದವರೆಗೆ

ವಿಜಯಪುರ ಜಿಲ್ಲೆಯ ಹೊನವಾಡ ಶಾಸನಾಭ್ಯಾಸಿಗಳಿಗೆ ಅಪರಿಚಿತವಾದ ಊರಲ್ಲ. ಇಂದಿನ ತಿಕೋಟಾ ಸೀಮೆಯ ಈ ಗ್ರಾಮದ ಪ್ರಾಚೀನ ಹೆಸರು ಪೊನ್ನವಾಡ. ಪಕಾರವು ಹಕಾರವಾದ ಕನ್ನಡದ ಧ್ವನಿಪಲ್ಲಟ ಈ ಒಂದು ಹೆಸರಿನಲ್ಲೇ ಕಾಣಿಸುತ್ತದೆ. ಇಲ್ಲಿಯ ಶಕ 976ರ, ಅಂದರೆ ಕ್ರಿ.ಶ. 1054ರ ಶಾಸನವನ್ನು ಜೆ.ಎಫ್. ಫ್ಲೀಟ್ ಅವರು 'ಇಂಡಿಯನ್ ಆಂಟಿಕ್ವರಿ'ಯ 19ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರ, ಅಂದರೆ ತ್ರೈಲೋಕ್ಯಮಲ್ಲನ ಕಾಲದ ಬರಹವದು. ಅವನ ರಾಣಿ ಕೇತಲದೇವಿ ಪೊನ್ನವಾಡದ ಅಗ್ರಹಾರವನ್ನು ಆಳುತ್ತಿದ್ದಾಗ, ಅವಳ ಅಧಿಕಾರಿಯಾಗಿದ್ದ ವಾನಸ ವಂಶದ ಚಾಂಕಿರಾಜನು ಅಲ್ಲಿ ತ್ರಿಭುವನತಿಲಕವೆಂಬ ಶಾಂತಿನಾಥ ಚೈತ್ಯಾಲಯವನ್ನು ಕಟ್ಟಿಸಿದನು. ಪಾರ್ಶ್ವನಾಥ ಮತ್ತು ಸುಪಾರ್ಶ್ವನಾಥರ ಬಿಂಬಗಳೂ ಅಲ್ಲಿ ನೆಲೆಗೊಂಡವು. ಮೂಲಸಂಘ, ಸೇನಗಣ, ಪೊಗರಿಗಚ್ಛದ ಮಹಾಸೇನ ಮುನಿಗಳು ಚಾಂಕಿರಾಜನ ಗುರುಗಳು. ಧಾರ್ಮಿಕ ಇತಿಹಾಸದ ದೃಷ್ಟಿಯಿಂದ ಈ ಶಾಸನ ಸಾಕಷ್ಟು ಚರ್ಚಿತವಾಗಿದೆ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಈ ಶಾಸನದ ನೆಪದಲ್ಲಿ ಎದ್ದ ಒಂದು ಸಣ್ಣ ವ್ಯಾಕರಣ ಪ್ರಶ್ನೆ. ಪ್ರಶ್ನೆ ಸಣ್ಣದಾದರೂ ಅದು ಒಬ್ಬ ವಿದ್ಯಾರ್ಥಿನಿಯನ್ನು ಸಂಶೋಧನೆಯಿಂದಲೇ ವಿಮುಖಳಾಗಿಸುವಷ್ಟು ಬೆಳೆದಿತ್ತು.

ಆಕೆ ಹೊನವಾಡದ ಒಂದು ಒಕ್ಕಲುತನದ ಮನೆಯ ಮಗಳು. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡ ಎಂ.ಎ. ಮುಗಿಸಿ, ಚಾಲುಕ್ಯರ ಕಾಲದ ಜೈನ ಶಾಸನಗಳನ್ನು ಕುರಿತು ಪಿಎಚ್.ಡಿ. ಪದವಿಗೆ ನೋಂದಾಯಿಸಿಕೊಂಡಿದ್ದಳು. ಮಹಾಪ್ರಬಂಧ ಒಪ್ಪಿಸುವ ಮುನ್ನ ಪ್ರಕಟಿಸಬೇಕಾದ ಲೇಖನವೊಂದನ್ನು, ಹೆಚ್ಚು ಜನರಿಗೆ ತಲುಪಲೆಂದು, ಇಂಗ್ಲಿಷಿನಲ್ಲಿ ಬರೆದು ಒಂದು ಸಂಶೋಧನ ಪತ್ರಿಕೆಗೆ ಕಳಿಸಿದಳು. ವಿಷಯ ತನ್ನೂರಿನ ಶಾಸನವೇ. ಎರಡು ತಿಂಗಳ ಮೇಲೆ ಲೇಖನ ಮರಳಿ ಬಂತು. ವಸ್ತುವಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಹನ್ನೊಂದು ಕಡೆ ಕ್ರಿಯಾಪದಗಳ ಕೆಳಗೆ ಕೆಂಪು ಗೆರೆ. ಕೊನೆಯಲ್ಲಿ, ಏಕವಚನ ಬಹುವಚನಗಳ ತಿಳಿವಳಿಕೆಯಿಲ್ಲದ ಬರಹವನ್ನು ಪರಿಶೀಲನೆಗೆ ತೆಗೆದುಕೊಳ್ಳಲಾಗದು ಎಂಬರ್ಥದ ಎರಡು ಸಾಲು. ಮೊದಲ ಕೆಂಪು ಗೆರೆ ಬಿದ್ದದ್ದು ರಾಣಿಯ ಮೇಲೆ. 'ಕ್ವೀನ್ ಕೇತಲದೇವಿ ವರ್ ರೂಲಿಂಗ್' ಎಂದು ಆಕೆ ಬರೆದಿದ್ದಳು, 'ವಾಸ್' ಎಂದಿರಬೇಕಿತ್ತು.

ಸಂಶೋಧನೆ ತನ್ನಂಥವರಿಗೆ ಅಲ್ಲವೆಂದು ತೀರ್ಮಾನಿಸಿ ಆಕೆ ಊರಿಗೆ ಬಂದು ಕುಳಿತಳು. ಪುಸ್ತಕಗಳನ್ನು ಗೋಣಿಚೀಲದಲ್ಲಿ ಕಟ್ಟಿಟ್ಟದ್ದನ್ನು ಕಂಡ ತಾಯಿ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದ ಮಾಸ್ತರರಿಗೆ ಹೇಳಿಕಳಿಸಿದಳು. ಮಾಸ್ತರರು ಲೇಖನವನ್ನು ಪೂರ್ತಿ ಓದಿದರು. ಬಳಿಕ ಕೇಳಿದ್ದು ಇಂಗ್ಲಿಷಿನ ಪ್ರಶ್ನೆಯನ್ನಲ್ಲ.

"ನಿಮ್ಮ ಹೊಲ ಎಷ್ಟೈತೆವಾ ತಂಗಿ?"

"ಆರು ಎಕರೆ ಐತ್ರಿ ಸರ್."

"ಎತ್ತು?"

"ಎರಡು ಅದಾವ್ರಿ."

"ಆರು ಎಕರೆಗೆ 'ಐತಿ' ಅಂದಿ, ಎರಡು ಎತ್ತಿಗೆ 'ಅದಾವ' ಅಂದಿ. ಆರು ದೊಡ್ಡದೋ, ಎರಡು ದೊಡ್ಡದೋ? ಇದನ್ನ ನಿನಗ ಯಾರು ಕಲಿಸಿದ್ರು?"

"ಯಾರೂ ಕಲಿಸಿಲ್ರಿ."

"ಮತ್ತ ವಚನದ ತಿಳಿವಳಿಕಿ ಇಲ್ಲ ಅಂತ ಅವರು ಹ್ಯಾಂಗ ಬರದ್ರು?"

ಮಾಸ್ತರರ ಈ ಪ್ರಶ್ನೆಯಲ್ಲಿ ವಿಷಯದ ತಿರುಳಿದೆ. ಇಂಗ್ಲಿಷಿನಲ್ಲಿಯೂ ಅಳತೆಯ ಮೊತ್ತವನ್ನು ಒಂದೆಂದು ಗ್ರಹಿಸಿ ಏಕವಚನದ ಕ್ರಿಯಾಪದ ಬಳಸುತ್ತಾರೆ. ಹತ್ತು ಮೈಲಿ ದೂರವಾಗಲಿ, ನೂರು ರೂಪಾಯಿಯಾಗಲಿ, ಶಾಸನದ ದತ್ತಿಭೂಮಿಯ ಮತ್ತರುಗಳಾಗಲಿ, ಒಟ್ಟು ಮೊತ್ತವಾಗಿ ಹೇಳಿದಾಗ 'ಈಸ್' ಅಥವಾ 'ವಾಸ್'. ಬಿಡಿಬಿಡಿಯಾಗಿ ಎಣಿಸಬಹುದಾದ ಎತ್ತುಗಳಿಗೆ 'ಆರ್'. ವಿಜಯಪುರ ಸೀಮೆಯ ಆಡುಮಾತು ಈ ಭೇದವನ್ನು ಬಹಳ ನಿಚ್ಚಳವಾಗಿ ಉಳಿಸಿಕೊಂಡಿದೆ. ದಕ್ಷಿಣದ ಆಡುಮಾತಿನಲ್ಲಿ 'ಎರಡು ಎತ್ತು ಬಂತು' ಎಂದು ನಪುಂಸಕ ಬಹುವಚನ ಕ್ರಿಯಾಪದದಿಂದ ಜಾರಿಹೋಗುವುದುಂಟು. ಇಲ್ಲಿ ನಾಮಪದಕ್ಕೆ 'ಗಳು' ಹತ್ತದಿದ್ದರೂ ಕ್ರಿಯಾಪದ ಬಹುವಚನವನ್ನು ಬಿಟ್ಟುಕೊಡುವುದಿಲ್ಲ: 'ಎರಡು ಎತ್ತು ಬಂದಾವ'. ಎತ್ತುಗಳು ಒಂದೋ ಎರಡೋ ಎಂಬುದನ್ನು ಕ್ರಿಯಾಪದವೇ ಹೇಳುತ್ತದೆ.

ಸಮೂಹವಾಚಕಗಳ ವಿಚಾರವೂ ಹೀಗೆಯೇ. 'ಕಮಿಟಿ ಈಸ್' ಎನ್ನಬೇಕೋ 'ಕಮಿಟಿ ಆರ್' ಎನ್ನಬೇಕೋ ಎಂಬುದು ಇಂಗ್ಲಿಷ್ ಕಲಿಯುವವರನ್ನು ಕಾಡುವ ಹಳೆಯ ಪ್ರಶ್ನೆ. ಅಮೆರಿಕದವರು ಸಾಮಾನ್ಯವಾಗಿ ಏಕವಚನಕ್ಕೆ ಕಟ್ಟುಬೀಳುತ್ತಾರೆ. ಬ್ರಿಟನ್ನಿನಲ್ಲಿ ಸದಸ್ಯರು ಬೇರೆಬೇರೆಯಾಗಿ ನಡೆದುಕೊಂಡರೆ ಬಹುವಚನವೂ ಸಲ್ಲುತ್ತದೆ. ಹೊನವಾಡದ ಜಾತ್ರೆಗೆ ಹೋಗಿಬಂದವರು 'ಮಂದಿ ಭಾಳ ಕೂಡಿತ್ತು' ಎನ್ನುತ್ತಾರೆ; ಅದೇ ಮಂದಿ ಮನೆಗೆ ಊಟಕ್ಕೆ ಬಂದರೆ 'ಹತ್ತು ಮಂದಿ ಬಂದಾರ'. ದೂರದಿಂದ ಕಂಡಾಗ ಒಂದು ರಾಶಿ, ಪಂಕ್ತಿಯಲ್ಲಿ ಕುಳಿತಾಗ ಹತ್ತು ಜೀವ. 'ಗುರುವೂ ಶಿಷ್ಯನೂ ಬಂದರು' ಎಂಬಲ್ಲಿ ಬಹುವಚನ. 'ಗುರುವಿನೊಡನೆ ಶಿಷ್ಯ ಬಂದನು' ಎಂಬಲ್ಲಿ ಏಕವಚನ. 'ಅಲಾಂಗ್ ವಿತ್', 'ಆ್ಯಸ್ ವೆಲ್ ಆ್ಯಸ್' ಎಂಬ ಜೋಡಣೆಗಳು ಬಂದಾಗ ಕ್ರಿಯಾಪದ ಮೊದಲ ಕರ್ತೃವನ್ನೇ ಅನುಸರಿಸಬೇಕೆಂಬ ಇಂಗ್ಲಿಷ್ ನಿಯಮದ ತಿರುಳೂ ಇದೇ. ಜೊತೆಗೆ ಬಂದವರು ಕರ್ತೃಗಳಾಗುವುದಿಲ್ಲ. 'ಪ್ರತಿಯೊಂದು' ಎಂದ ಮೇಲೆ ಮೂರ್ತಿಗಳು ಮೂರಿದ್ದರೂ ಕನ್ನಡದಲ್ಲಿ 'ಇದೆ' ಎಂದೇ ಬರೆಯುತ್ತೇವೆ. 'ಈಚ್ ಆಫ್ ದಿ ಇಮೇಜಸ್' ಎಂದ ಮೇಲೂ 'ವಾಸ್' ಎಂದೇ ಬರೆಯಬೇಕು. ಹನ್ನೊಂದು ಕೆಂಪು ಗೆರೆಗಳಲ್ಲಿ ಐದು ಈ ಬಗೆಯವು. ಅವು ಆಕೆಗೆ ಹುಟ್ಟಿನಿಂದಲೇ ಗೊತ್ತಿದ್ದ ಸಂಗತಿಗಳು. ಆದರೆ ಗೊತ್ತಿದೆಯೆಂಬುದನ್ನು ಯಾರೂ ಆಕೆಗೆ ತೋರಿಸಿಕೊಟ್ಟಿರಲಿಲ್ಲ.

ಹಾಗಿದ್ದರೆ ಗೊತ್ತಿದ್ದೂ ತಪ್ಪಿದ್ದೇಕೆ? ಇದಕ್ಕೆ ಉತ್ತರ ಎರಡು ಭಾಷೆಗಳ ಪದಕ್ರಮದಲ್ಲಿದೆ. ಕನ್ನಡದಲ್ಲಿ ಷಷ್ಠೀ ವಿಭಕ್ತಿಯ ಪದ ಮುಂಚೆ ಬರುತ್ತದೆ, ಮುಖ್ಯಪದ ಅದರ ನಂತರ. ವಾಕ್ಯದ ಕೊನೆಯಲ್ಲಿ ಕ್ರಿಯಾಪದ. 'ಜೈನ ಶಾಸನಗಳ ಸಂಖ್ಯೆ ಹೆಚ್ಚಿದೆ' ಎಂಬ ವಾಕ್ಯದಲ್ಲಿ ಹೆಚ್ಚಿರುವುದು ಸಂಖ್ಯೆ, ಮತ್ತು ಕ್ರಿಯಾಪದದ ಪಕ್ಕದಲ್ಲಿರುವುದೂ ಅದೇ. ಚಾಲುಕ್ಯ ಶಾಸನಗಳ ಆರಂಭದ ಒಕ್ಕಣೆಯನ್ನು ನೆನೆದರೂ ಸಾಕು. ದೊರೆಯ ಹೆಸರು 'ದೇವರ' ಎಂದು ಷಷ್ಠಿಯಲ್ಲಿ, ಗೌರವದ ಬಹುವಚನದಲ್ಲಿ ಮೊದಲು ಬರುತ್ತದೆ. ಅದರ ಬೆನ್ನಿಗೆ 'ವಿಜಯರಾಜ್ಯ'. ಬಳಿಕ ಅದು ಚಂದ್ರಸೂರ್ಯರಿರುವವರೆಗೆ ಸಲ್ಲುತ್ತಿರಲು ಎಂಬ ಕ್ರಿಯಾರೂಪ. ಆ ಕ್ರಿಯಾರೂಪಕ್ಕೆ ವಚನದ ಪ್ರತ್ಯಯವಿಲ್ಲ, ನಿಜ. ಆದರೂ ಸಲ್ಲುತ್ತಿರುವುದು ರಾಜ್ಯವೇ ಹೊರತು ದೊರೆಯಲ್ಲವೆಂಬುದರಲ್ಲಿ ಯಾವ ಓದುಗನಿಗೂ ಸಂಶಯ ಬರುವುದಿಲ್ಲ.

ಇಂಗ್ಲಿಷಿನ ಕ್ರಮ ಇದಕ್ಕೆ ತಿರುಗುಮುರುಗು. 'ದಿ ನಂಬರ್ ಆಫ್ ಜೈನ ಇನ್‌ಸ್ಕ್ರಿಪ್ಷನ್ಸ್' ಎಂಬಲ್ಲಿ ಮುಖ್ಯಪದ ಮುಂದೆ ನಿಂತುಬಿಡುತ್ತದೆ. ಕ್ರಿಯಾಪದದ ಪಕ್ಕಕ್ಕೆ ಬಂದು ನಿಲ್ಲುವುದು 'ಇನ್‌ಸ್ಕ್ರಿಪ್ಷನ್ಸ್' ಎಂಬ ಬಹುವಚನ. ಪಕ್ಕದ ಪದವೇ ಕರ್ತೃವೆಂಬ ರೂಢಿಯಲ್ಲಿ ಬೆಳೆದ ಕನ್ನಡದ ಮನಸ್ಸು ಅಲ್ಲಿ 'ಆರ್' ಎಂದು ಬರೆಯುತ್ತದೆ, ಬೇಕಾದದ್ದು 'ಈಸ್'. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ದೀರ್ಘವಾಕ್ಯಗಳಲ್ಲಿ ಹೀಗೆ ಎಡವುತ್ತಾರೆ. ಇದಕ್ಕೆ ಮಾಸ್ತರರು ಹೇಳಿದ ಉಪಾಯ ಸರಳವಾದದ್ದು: ಇಂಗ್ಲಿಷ್ ಪದಪುಂಜವನ್ನು ಮನಸ್ಸಿನಲ್ಲೇ ಕನ್ನಡದ ಕ್ರಮಕ್ಕೆ ತಿರುಗಿಸಿ, ಕೊನೆಗೆ ಯಾವ ಪದ ನಿಲ್ಲುತ್ತದೆಂದು ನೋಡಬೇಕು. 'ಶಾಸನಗಳ ಸಂಖ್ಯೆ' ಎಂದಾದರೆ ಏಕವಚನ. 'ಎ ನಂಬರ್ ಆಫ್' ಎಂದಿದ್ದರೆ ಅದು ಕನ್ನಡದಲ್ಲಿ 'ಹಲವು ಶಾಸನಗಳು' ಎಂದು ನಿಲ್ಲುತ್ತದೆ, ಅಲ್ಲಿ ಬಹುವಚನ. 'ದಿ' ಮತ್ತು 'ಎ' ಎಂಬ ಎರಡು ಕಿರುಪದಗಳ ಭೇದವನ್ನು ಬಾಯಿಪಾಠ ಮಾಡುವುದಕ್ಕಿಂತ ಇದು ಸುಲಭ.

ಇನ್ನು ಮೂರು ಗೆರೆಗಳು ಬೇರೆ ಬಗೆಯವು. ಅಲ್ಲಿ ಕನ್ನಡ ಆಕೆಗೆ ನೆರವಾಗುವಂತಿರಲಿಲ್ಲ, ಏಕೆಂದರೆ ಅಂಥ ಕಡೆಗಳಲ್ಲಿ ಕನ್ನಡಕ್ಕೆ ವಚನದ ಗೊಡವೆಯೇ ಇಲ್ಲ. 'ಅರಸನಾಗಲಿ ಮಂತ್ರಿಗಳಾಗಲಿ ಬರಲಿಲ್ಲ' ಎಂಬ ವಾಕ್ಯವನ್ನು ನೋಡಬೇಕು. 'ಬರಲಿಲ್ಲ' ಎಂಬ ನಿಷೇಧರೂಪ ಒಬ್ಬನಿಗೂ ಅದೇ, ಹತ್ತು ಜನಕ್ಕೂ ಅದೇ. ಗಂಡಿಗೂ ಹೆಣ್ಣಿಗೂ ಎತ್ತಿಗೂ ಅದೇ. ಇಂಗ್ಲಿಷಿನಲ್ಲಿ 'ನೈದರ್', 'ನಾರ್' ಬಂದರೆ ಕ್ರಿಯಾಪದ ತನಗೆ ಹತ್ತಿರವಿರುವ ಕರ್ತೃವನ್ನು ಅನುಸರಿಸಬೇಕೆಂಬುದು ಸಾಮಾನ್ಯವಾಗಿ ಪಾಠ ಹೇಳುವ ನಿಯಮ. ಮಂತ್ರಿಗಳು ಹತ್ತಿರವಿದ್ದರೆ 'ವರ್', ಅರಸ ಹತ್ತಿರವಿದ್ದರೆ 'ವಾಸ್'. ಹಾಗೆಯೇ ಕನ್ನಡದ ಕೃದಂತ ವಿಶೇಷಣ. 'ಸೇನಗಣವನ್ನು ಹೆಸರಿಸುವ ಶಾಸನಗಳಲ್ಲಿ ಇದೂ ಒಂದು' ಎಂದು ಬರೆದಾಗ 'ಹೆಸರಿಸುವ' ಎಂಬುದಕ್ಕೆ ಏಕವಚನವೂ ಇಲ್ಲ, ಬಹುವಚನವೂ ಇಲ್ಲ. ಇದನ್ನೇ ಇಂಗ್ಲಿಷಿಗೆ ತಂದರೆ, 'ಒನ್ ಆಫ್ ದಿ ಇನ್‌ಸ್ಕ್ರಿಪ್ಷನ್ಸ್ ದಟ್' ಎಂದ ಮೇಲೆ 'ಮೆನ್ಷನ್' ಎನ್ನಬೇಕೋ 'ಮೆನ್ಷನ್ಸ್' ಎನ್ನಬೇಕೋ? ಹೆಸರಿಸುವ ಶಾಸನಗಳು ಅನೇಕ, ಅವುಗಳಲ್ಲಿ ಇದು ಒಂದು ಎಂಬ ಅರ್ಥಕ್ಕೆ 'ಮೆನ್ಷನ್' ಎಂಬ ಬಹುವಚನವೇ ತಕ್ಕದ್ದು. ಅನುಮಾನ ಬಂದಾಗ ಹೆಸರಿಸುತ್ತಿರುವುದು ಒಂದೋ ಅನೇಕವೋ ಎಂದು ಕೇಳಿಕೊಂಡರೆ ಸಾಕು. ಇಂಥ ಕಡೆ ಕನ್ನಡದ ವಿದ್ಯಾರ್ಥಿ ತಪ್ಪಿದರೆ ಅದು ಬುದ್ಧಿಯ ಕೊರತೆಯಲ್ಲ. ತನ್ನ ನುಡಿ ಎಂದೂ ಕೇಳದ ಪ್ರಶ್ನೆಯೊಂದು ಅವನಿಗೆ ಮೊದಲ ಬಾರಿ ಎದುರಾಗಿದೆ, ಅಷ್ಟೆ.

ಉಳಿದದ್ದು ರಾಣಿಯ ಮೇಲೆ ಬಿದ್ದ ಗೆರೆ. ಆಕೆಯನ್ನು ಹೆಚ್ಚು ನೋಯಿಸಿದ್ದೂ ಅದೇ. ಆ ಕಾಲದ ಶಾಸನಭಾಷೆಯಲ್ಲಿ ಅರಸಿಯರ ಹೆಸರು 'ದೇವಿಯರ್' ಎಂಬ ಬಹುವಚನದಲ್ಲಿ ಬರುವುದು ಸಾಮಾನ್ಯ. ವ್ಯಕ್ತಿ ಒಬ್ಬಳೇ, ವಚನ ಬಹುವಚನ. ತಿಂಗಳುಗಟ್ಟಲೆ ಆ ಭಾಷೆಯನ್ನು ಓದಿದವಳ ಕೈ, ರಾಣಿಯ ಹೆಸರು ಬರೆದೊಡನೆ ತಾನಾಗಿ 'ವರ್' ಎಂದು ಬರೆದಿತ್ತು. ಇದು ಶಾಸನಕ್ಕಷ್ಟೇ ಸೀಮಿತವಾದ ಮಾತಲ್ಲ. ವಿಜಯಪುರದ ಬೀದಿಯಲ್ಲಿ ಆಡುವ ಮೂರು ಭಾಷೆಗಳೂ ಹಿರಿಯನೊಬ್ಬನನ್ನು ಬಹುವಚನದಲ್ಲೇ ಗೌರವಿಸುತ್ತವೆ. ಕನ್ನಡದಲ್ಲಿ 'ಅಪ್ಪಾರು ಬಂದಾರ', ಮರಾಠಿಯಲ್ಲಿ 'ಬಾಬಾ ಆಲೇ', ಉರ್ದುವಿನಲ್ಲಿ 'ಅಬ್ಬಾ ಆಯೇ'. ಶಾಲೆಯ ಮಕ್ಕಳು 'ಅವರ್ ಸರ್ ಹ್ಯಾವ್ ಕಮ್' ಎಂದು ಬರೆಯುವುದರ ಹಿನ್ನೆಲೆಯೂ ಇದೇ. ಪರೀಕ್ಷಕನಿಗೆ ಅದು ತಪ್ಪು. ಬರೆದ ಮಗುವಿಗೆ ಅದು ಮರ್ಯಾದೆ.

ಈ ಮರ್ಯಾದೆಯೂ ಏಕರೂಪವಾದದ್ದಲ್ಲ. 'ದೇವರು' ಎಂಬ ಪದವನ್ನೇ ನೋಡಬಹುದು. ಅದರ ರೂಪ ಬಹುವಚನದ್ದು. ಎಷ್ಟರಮಟ್ಟಿಗೆ ಅದು ಏಕಾರ್ಥಕ್ಕೆ ಒಗ್ಗಿಹೋಗಿದೆಯೆಂದರೆ ನಿಜವಾದ ಬಹುವಚನ ಬೇಕಾದಾಗ 'ದೇವರುಗಳು' ಎಂದು ಇನ್ನೊಂದು ಪ್ರತ್ಯಯ ಹಚ್ಚಬೇಕಾಗುತ್ತದೆ. ಆದರೂ ಜನ ಹೇಳುವುದು 'ದೇವರು ಅದಾನ', 'ದೇವರು ಕೊಟ್ಟಾನ' ಎಂದು. ಬಹುವಚನದ ಕರ್ತೃ, ಏಕವಚನದ ಕ್ರಿಯಾಪದ. ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ 2023ರ ಜನವರಿ 2ರಂದು ದೇಹಬಿಟ್ಟ ಸಿದ್ಧೇಶ್ವರ ಸ್ವಾಮಿಗಳನ್ನು ಈ ಭಾಗದ ಜನ 'ನಡೆದಾಡುವ ದೇವರು' ಎಂದು ಕರೆದರು. ಅವರು ಬಂದರೆ 'ಅಪ್ಪಾರು ಬಂದಾರ'; 'ಬಂದಾನ' ಎಂದು ಯಾರೂ ಅನ್ನುತ್ತಿರಲಿಲ್ಲ. ನಡೆದಾಡುವ ದೇವರಿಗೆ ಬಹುವಚನ, ಕಾಣದ ದೇವರಿಗೆ ಏಕವಚನ! ಕಾಣದವನನ್ನು ಕಡಿಮೆ ಮಾಡಿ ಹೇಳಿದ್ದಲ್ಲ ಇದು. ಮನೆಯಲ್ಲಿ 'ಅವ್ವ ಬಂದಾಳ' ಎನ್ನುವಾಗ ಇರುವ ಸಲಿಗೆಯೇ ಅಲ್ಲಿಯೂ ಇದೆ. ಬಹುವಚನ ದೂರದ ಗೌರವವಾದರೆ ಏಕವಚನ ಹತ್ತಿರದ ಪ್ರೀತಿ.

ಇಂಗ್ಲಿಷಿಗೆ ಈ ಸಂಸ್ಕಾರವೇ ಇಲ್ಲವೆಂದು ತಿಳಿಯುವುದೂ ಸರಿಯಲ್ಲ. ಒಬ್ಬನಿಗೆ 'ದೌ', ಹಲವರಿಗೆ 'ಯೂ' ಎಂಬ ಭೇದ ಹಿಂದೆ ಆ ಭಾಷೆಯಲ್ಲಿತ್ತು. ಹಿರಿಯರನ್ನು, ಅಧಿಕಾರಸ್ಥರನ್ನು ಬಹುವಚನದ 'ಯೂ' ಎಂದು ಕರೆಯುವ ರೂಢಿ ಬೆಳೆದು, ಕ್ರಮೇಣ ಎಲ್ಲರಿಗೂ ಅದೇ ಸಂದು, 'ದೌ' ನಿತ್ಯದ ಮಾತಿನಿಂದ ಮರೆಯಾಯಿತು. ಇಂದು ಒಬ್ಬನೇ ಎದುರಿಗಿದ್ದರೂ 'ಯೂ ಆರ್' ಎನ್ನುತ್ತಾರೆ, 'ಯೂ ಈಸ್' ಎನ್ನುವುದಿಲ್ಲ. ಆ 'ಆರ್' ಗೌರವಬಹುವಚನದ ಉಳಿಕೆ. 'ದೌ' ಉಳಿದ ಕೆಲವು ಎಡೆಗಳಲ್ಲಿ ಪ್ರಾರ್ಥನೆಯೂ ಒಂದು. ದೇವರನ್ನು ಏಕವಚನದಲ್ಲಿ ಕರೆಯುವುದರಲ್ಲಿ ಹೊನವಾಡದ ಅವ್ವನೂ ಇಂಗ್ಲೆಂಡಿನ ಭಕ್ತನೂ ಒಂದೇ ದಾರಿಯವರು. ಕನ್ನಡದಲ್ಲಿ ಗೌರವ ಮಧ್ಯಮ ಪುರುಷಕ್ಕೂ ಪ್ರಥಮ ಪುರುಷಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಅದು 'ಯೂ'ಗೆ ಬಂದು ನಿಂತಿತು, ಅಲ್ಲಿ ಇಲ್ಲದ ರಾಣಿಯವರೆಗೆ ಹೋಗಲಿಲ್ಲ. 'ವರ್' ತಪ್ಪಾಗುವುದು ಇಷ್ಟೇ ಕಾರಣಕ್ಕೆ.

ವ್ಯಾಕರಣದಲ್ಲಿ ಸಂಖ್ಯೆಯನ್ನು ಸೂಚಿಸಲು ನಮ್ಮ ಪ್ರಾಚೀನರು ಆರಿಸಿಕೊಂಡ ಪದ 'ವಚನ', ಅಂದರೆ ನುಡಿಯುವುದು. ಏಕವಚನವೆಂದರೆ ಒಂದಾಗಿ ನುಡಿಯುವುದು, ಬಹುವಚನವೆಂದರೆ ಹಲವಾಗಿ ನುಡಿಯುವುದು. ವಸ್ತು ಎಷ್ಟಿದೆ ಎಂಬ ಲೆಕ್ಕಕ್ಕಿಂತ ನುಡಿಯುವವನು ಅದನ್ನು ಹೇಗೆ ಹೇಳಬಯಸಿದನೆಂಬುದು ಇಲ್ಲಿ ಮುಖ್ಯ. ಇದನ್ನೇ ವೈಯಾಕರಣರು ವಿವಕ್ಷೆ ಎನ್ನುತ್ತಾರೆ. ಜಾತಿಯನ್ನು ಹೇಳುವಾಗ ಒಂದನ್ನು ಬಹುವಚನದಲ್ಲಿಯೂ ಹೇಳಬಹುದೆಂದು ಪಾಣಿನಿಯೇ ವಿಕಲ್ಪ ಕೊಟ್ಟಿದ್ದಾನೆ. ವಿವಕ್ಷೆ ಬದಲಾದರೆ ದೇಶದ ವಚನವೂ ಬದಲಾಗುತ್ತದೆ. ಅಮೆರಿಕದ ಸಂವಿಧಾನಕ್ಕೆ 1865ರಲ್ಲಿ ಸೇರಿದ, ಗುಲಾಮಗಿರಿಯನ್ನು ರದ್ದುಪಡಿಸಿದ ಹದಿಮೂರನೆಯ ತಿದ್ದುಪಡಿಯಲ್ಲಿ 'ಯುನೈಟೆಡ್ ಸ್ಟೇಟ್ಸ್'ಗೆ ಬಳಸಿದ ಸರ್ವನಾಮ ಬಹುವಚನದ್ದು. ಇಂದು ಅದೇ ಹೆಸರಿನ ಮುಂದೆ 'ಈಸ್' ಬರುತ್ತದೆ. ರಾಜ್ಯಗಳ ಒಕ್ಕೂಟವಾಗಿ ಕಂಡದ್ದು ಒಂದೇ ರಾಷ್ಟ್ರವಾಗಿ ಕಾಣತೊಡಗಿತು.

ಒಂದು ಭಾಷೆಯನ್ನು ಇನ್ನೊಂದರ ನೆರವಿನಿಂದ ಅರಿಯುವುದು ಕನ್ನಡಕ್ಕೆ ಹೊಸದಲ್ಲ. ಎರಡನೆಯ ನಾಗವರ್ಮ 'ಕರ್ಣಾಟಕ ಭಾಷಾಭೂಷಣ'ವನ್ನೂ, ಭಟ್ಟಾಕಳಂಕದೇವ 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನೂ ಸಂಸ್ಕೃತ ಸೂತ್ರಗಳಲ್ಲೇ ರಚಿಸಿದರು. ಸಂಸ್ಕೃತಕ್ಕೆ ಮೂರು ವಚನ; ಕನ್ನಡದ ರೂಪಗಳಲ್ಲಿ ದ್ವಿವಚನಕ್ಕೆ ಬೇರೆ ಪ್ರತ್ಯಯವಿಲ್ಲ. ಅದನ್ನು ಕನ್ನಡದ ಕುಂದೆಂದು ತಿಳಿಯದೆ ಅದರ ಸ್ವಭಾವವೆಂದು ಗ್ರಹಿಸಿದವರು ಆ ಜೈನ ವೈಯಾಕರಣರು. ಎರಡು ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು, ಎಲ್ಲಿ ಕೂಡುತ್ತವೆ, ಎಲ್ಲಿ ಒಂದು ಸುಮ್ಮನಿರುತ್ತದೆ, ಎಲ್ಲಿ ಒಂದು ಮುಂದೆ ಹೋಗುತ್ತದೆ ಎಂದು ತೋರಿಸುವುದು ಅವರಿಂದ ಕಲಿಯಬೇಕಾದ ಬೋಧನಕ್ರಮ. ನಮ್ಮ ತರಗತಿಗಳಲ್ಲಿ ಇಂಗ್ಲಿಷ್ ವ್ಯಾಕರಣ ಕನ್ನಡ ವ್ಯಾಕರಣದ ಹೆಸರೆತ್ತದೆ ನಡೆಯುತ್ತದೆ. ಕನ್ನಡ ವ್ಯಾಕರಣ ಹಳಗನ್ನಡದ ಪ್ರತ್ಯಯಗಳ ಪಟ್ಟಿಯಲ್ಲಿ ಮುಗಿಯುತ್ತದೆ. ಎರಡರ ನಡುವೆ ಸಿಕ್ಕ ವಿದ್ಯಾರ್ಥಿ ತನಗೆ ಎರಡೂ ಬಾರದೆಂದು ನಂಬಿಬಿಡುತ್ತಾನೆ. ಹಾಗೆ ನಂಬಿ ಎಷ್ಟೋ ಮಂದಿ ಪುಸ್ತಕ ಕಟ್ಟಿಟ್ಟಿದ್ದಾರೆ.

ಹೊನವಾಡದ ಆ ಮಗಳು ಗೋಣಿಚೀಲ ಬಿಚ್ಚಿದಳು. ಹನ್ನೊಂದು ಗೆರೆಗಳನ್ನು ತಾನೇ ವಿಂಗಡಿಸಿ, ಪ್ರತಿಯೊಂದರ ಎದುರು ಕಾರಣ ಬರೆದುಕೊಂಡಳು. ನಿಜವಾದ ಅಜಾಗರೂಕತೆಯಿಂದಾದ ತಪ್ಪುಗಳು ಎರಡೇ. ತಿದ್ದಿದ ಲೇಖನ ಬೇರೊಂದು ಪತ್ರಿಕೆಗೆ ಹೋಯಿತು. ಆ ಪತ್ರಿಕೆ ಇಂಗ್ಲಿಷಿನ ಜೊತೆಗೆ ಕನ್ನಡದಲ್ಲಿಯೂ ಸಾರಾಂಶ ಕೇಳಿತ್ತು. ಇಂಗ್ಲಿಷ್ ಸಾರಾಂಶದಲ್ಲಿ ಈಗ 'ಕ್ವೀನ್ ಕೇತಲದೇವಿ ವಾಸ್' ಎಂದಿದೆ. ಅದೇ ಪುಟದ ಕೆಳಗಿನ ಅರ್ಧದಲ್ಲಿ, ಕನ್ನಡದಲ್ಲಿ, ಕೇತಲದೇವಿಯರು ಪೊನ್ನವಾಡವನ್ನು ಆಳುತ್ತಿದ್ದರು.